ಹದಿನೇಳನೇ ನಂಬರಿನ ಮೊಟ್ಟೆಗಳು

ಪಿಲ್ಸುನ್ ಯಾವುದನ್ನೇ ಆಗಲಿ ಬೆಳಕಿಗೆ ಹಿಡಿಯದೆ ನಂಬುತ್ತಿರಲಿಲ್ಲ. ಸಂತೆಯಲ್ಲಿ ಹಣ್ಣು ಕೊಂಡರೆ ಸೂರ್ಯನತ್ತ ಎತ್ತಿ, ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಚೀಲಕ್ಕೆ ಹಾಕುವಳು. ಮೊಮ್ಮಗು ಹುಟ್ಟಿದಾಗ ಮೂಗು ಯಾರದು, ಗಲ್ಲ ಯಾರದು ಎಂದು ಎಲ್ಲರೂ ವಾದ ಮಾಡುತ್ತಿದ್ದರೆ ಇವಳು ಕೂಸನ್ನು ಕಿಟಕಿಯ ಹತ್ತಿರ ಒಯ್ದು, ಕಿವಿಯ ತೆಳು ಹಾಳೆಯೊಳಗಿನ ಕೆಂಪು ನರಗಳನ್ನು ನೋಡಿ, "ಚೆನ್ನಾಗಿದೆ, ಇಡಿ" ಎಂದಳು. ಬೀಗರಿಗೆ ಇದು ಹಿಡಿಸಲಿಲ್ಲ. ಮಗುವನ್ನು ಇಟ್ಟುಕೊಳ್ಳದೆ ಇನ್ನೇನು ಮಾಡುತ್ತಾರೆ ಎಂದು ಅವರು ಇವತ್ತಿಗೂ ಕೇಳುತ್ತಾರೆ.

ತಪ್ಪು ಅವಳದಲ್ಲ. ನಮ್ಮೂರು ಗುಮ್ಸಾನಿನ ಅಂಚಿನಲ್ಲಿದ್ದ ಕೋಳಿ ಹ್ಯಾಚರಿಯ ಕತ್ತಲೆ ಕೋಣೆಯಲ್ಲಿ ಅವಳು ಮೂವತ್ತನಾಲ್ಕು ವರ್ಷ ಮೊಟ್ಟೆ ನೋಡಿದವಳು. ಕಾವಿಗಿಟ್ಟ ಏಳನೇ ದಿನ ತಟ್ಟೆಗಳು ಅವಳ ಮುಂದೆ ಬರುತ್ತಿದ್ದವು. ತಗಡಿನ ಡಬ್ಬಿಯೊಳಗೊಂದು ದೀಪ, ಡಬ್ಬಿಗೊಂದು ತೂತು. ಆ ತೂತಿಗೆ ಮೊಟ್ಟೆ ಒತ್ತಿದರೆ ಒಳಗಿನದೆಲ್ಲ ಕಾಣುತ್ತದೆ. ಜೇಡ ಕಾಲು ಚಾಚಿ ಕೂತ ಹಾಗೆ ನಡುವೆ ಒಂದು ಚುಕ್ಕೆ, ಸುತ್ತ ಕೆಂಪು ನರಗಳು ಇದ್ದರೆ ಮರಿ ಬದುಕಿದೆ. ನರ ಸೊರಗಿ ಬಿಳುಚಿಕೊಂಡಿದ್ದರೆ ಮರಿ ಸತ್ತಿದೆ, ಇಲ್ಲ ಸಾಯಲಿದೆ. ಮೊದಲನೆಯದಕ್ಕೆ "ಇಡು", ಎರಡನೆಯದಕ್ಕೆ "ತೆಗಿ". ಮೂವತ್ತನಾಲ್ಕು ವರ್ಷ ಆ ಎರಡೇ ಮಾತು. ಒಂದು ಮೊಟ್ಟೆಗೆ ಅರ್ಧ ಉಸಿರಿನಷ್ಟು ಹೊತ್ತು ಕೂಡ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲೂ ಹಾಗೇ. ಗಂಡ ತಂದ ಮೀನು, ಮಗಳು ತಂದ ಹುಡುಗ, ಪಕ್ಕದ ಮನೆಯವಳ ಹೊಸ ಕೋಟು, ಎಲ್ಲದಕ್ಕೂ ಕಣ್ಣು ಹಾಯಿಸಿದ್ದೇ ತೀರ್ಪು. ಅವಳಿಗೆ ಗೊಂದಲ ಅನ್ನುವುದು ಏನು ಅಂತಲೇ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು ಐವತ್ತೇಳನೇ ವಯಸ್ಸಿನಲ್ಲಿ, ಅದೂ ಒಮ್ಮೆಗೇ.

ಹ್ಯಾಚರಿಗೆ ಮೊಟ್ಟೆ ನೋಡುವ ಯಂತ್ರ ಬಂದ ವರ್ಷ ಅವಳನ್ನು ಮನೆಗೆ ಕಳಿಸಿದರು. ಎರಡು ತಿಂಗಳು ಸುಮ್ಮನೆ ಕೂತು ಗಂಡನ ತಲೆ ತಿಂದಳು. ಅಷ್ಟರಲ್ಲಿ ಹತ್ತಿರದ ದೇಜಾನ್ ನಗರದ ಒಂದು ಪ್ರಯೋಗಾಲಯದಿಂದ ಕರೆ ಬಂತು. ಅಲ್ಲಿನ ಡಾಕ್ಟರ್ ಮಿನ್, ನಲವತ್ತು ದಾಟಿದ ಸಣಕಲು ಹೆಂಗಸು, ರೋಗಿಗಳಿಲ್ಲದ ಡಾಕ್ಟರು, ಅವಳಿಗೆ ಮೊಟ್ಟೆ ಆರಿಸಿಕೊಡುವವರು ಬೇಕಾಗಿತ್ತು.

"ನರ ಚೆನ್ನಾಗಿರೋದನ್ನ ಮಾತ್ರ ಆರಿಸ್ಕೊಡ್ಬೇಕು. ಆಗುತ್ತಾ ಅಮ್ಮಾ?" ಎಂದು ಕೇಳಿದಳು ಡಾಕ್ಟರ್ ಮಿನ್.

"ಮೂವತ್ನಾಲ್ಕು ವರ್ಷ ನಾನೇನು ಕೋಳಿ ಜೊತೆ ಹರಟೆ ಹೊಡೀತಿದ್ನಾ?" ಎಂದಳು ಪಿಲ್ಸುನ್.

ಕೆಲಸ ಏನೆಂದು ಡಾಕ್ಟರ್ ಮಿನ್ ಮೊದಲ ದಿನವೇ ವಿವರಿಸಿದ್ದಳು. ಕ್ಯಾನ್ಸರ್ ಗಡ್ಡೆ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಅದು ಸುತ್ತಲಿನ ರಕ್ತದ ನರಗಳಿಂದ ಹೊಸ ಕವಲುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆ ಕವಲೊಡೆಯುವುದನ್ನು ತಡೆದರೆ ಗಡ್ಡೆ ಉಪವಾಸ ಬೀಳಬಹುದು. ಅಂಥ ಗುಣದ ಅಂಶ ಗಿಡ, ಬೇರು, ತೊಗಟೆಗಳಲ್ಲಿ ಇದೆಯೇ ಎಂದು ಅವಳು ಹುಡುಕುತ್ತಿದ್ದಳು. ಮೊಟ್ಟೆಯೊಳಗೆ ನರ ಬಲು ಬೇಗ ಬೆಳೆಯುವುದರಿಂದ ಪರೀಕ್ಷೆಗೆ ಅದೇ ಸುಲಭ. ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆದು, ಬೇರಿನ ಸಾರ ಹೀರಿದ ಕಾಗದದ ಬಿಲ್ಲೆಯನ್ನು ಒಳಗಿನ ಪೊರೆಯ ಮೇಲಿಟ್ಟು, ಕಿಟಕಿಗೆ ಟೇಪು ಅಂಟಿಸಿ, ಎರಡು ದಿನ ಬಿಟ್ಟು ನೋಡಬೇಕು. ಸಾರದ ಸೀಸೆಗಳ ಮೇಲೆ ಹೆಸರಿಲ್ಲ, ಬರೀ ನಂಬರು, ಮೊಟ್ಟೆಗಳ ಮೇಲೂ ಅದೇ ನಂಬರು. ಹೆಸರು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದು ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿಬಿಟ್ಟಿದ್ದರು. ಇಷ್ಟನ್ನೂ ಕೇಳಿ ಪಿಲ್ಸುನ್ ತಲೆಯಾಡಿಸಿದಳು. ಅರ್ಥವಾಗದಿದ್ದಾಗ ಅವಳು ಇನ್ನೂ ಜೋರಾಗಿ ತಲೆಯಾಡಿಸುತ್ತಾಳೆ ಎಂಬುದು ಡಾಕ್ಟರ್ ಮಿನ್‌ಗೆ ಗೊತ್ತಿರಲಿಲ್ಲ.

ಮೊದಲ ಸೋಮವಾರ ಬೆಳಿಗ್ಗೆ ಪಿಲ್ಸುನ್ ಎಲ್ಲರಿಗಿಂತ ಮುಂಚೆ ಬಂದಳು. ಕಾವುಪೆಟ್ಟಿಗೆ ತೆರೆದಳು. ಕಿಟಕಿಯಿದ್ದ ಮೊಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಕೆಲವುಗಳಲ್ಲಿ ಬಿಲ್ಲೆಯ ಸುತ್ತ ನರಗಳು ಹಿಂದೆ ಸರಿದು ಬೋಳು ಜಾಗ ಬಿದ್ದಿತ್ತು. ಛೇ, ಪಾಪ, ಎಂದುಕೊಂಡು ಅವನ್ನೆಲ್ಲ ತೆಗೆದು ಕಸದ ಡಬ್ಬಿಗೆ ಹಾಕಿದಳು. ತಟ್ಟೆ ಒರೆಸಿ, ಉಳಿದವನ್ನು ಅಂದವಾಗಿ ಜೋಡಿಸಿ, ಕೈತೊಳೆದು ಬಾರ್ಲಿ ಟೀ ಕುಡಿಯುತ್ತಾ ಕೂತಳು. ಮೊದಲ ವಾರವೇ ಹೊಗಳಿಸಿಕೊಳ್ಳುವ ಆಸೆ ಇತ್ತು ಅವಳಿಗೆ.

ಡಾಕ್ಟರ್ ಮಿನ್ ಬಂದವಳು ತಟ್ಟೆ ನೋಡಿ, "ಮಿಕ್ಕಿದ್ದೆಲ್ಲಿ?" ಎಂದಳು.

"ಕೆಟ್ಟೋಗಿದ್ವು. ಎಸೆದೆ."

"ಎಸೆದ್ರಾ? ಯಾವುದನ್ನ ಎಸೆದ್ರಿ?"

"ನರ ಇಲ್ದೋವನ್ನ. ಅವು ಮರಿ ಆಗಲ್ಲ ಡಾಕ್ಟ್ರಮ್ಮಾ, ಇಟ್ರೆ ವಾಸನೆ ಹೊಡೀತವೆ."

ಡಾಕ್ಟರ್ ಮಿನ್ ಬಿಳಿ ಕೋಟಿನಲ್ಲೇ ನೆಲಕ್ಕೆ ಮಂಡಿಯೂರಿ ಕಸದ ಡಬ್ಬಿಗೆ ಕೈ ಹಾಕಿದಳು. ಲೋಳೆ ಸುರಿಯುವ ಚಿಪ್ಪುಗಳನ್ನು ಒಂದೊಂದಾಗಿ ತೆಗೆದು ಪೆನ್ಸಿಲಿನ ನಂಬರು ಓದಿದಳು. ಹದಿನೇಳು. ಹದಿನೇಳು. ಮತ್ತೆ ಹದಿನೇಳು. ಎಸೆದ ಹನ್ನೊಂದು ಮೊಟ್ಟೆಗಳ ಮೇಲೂ ಅದೇ ನಂಬರು. ಅವಳು ಅಲ್ಲೇ ನೆಲದ ಮೇಲೆ ಕೂತು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ನಾವು ವರ್ಷದಿಂದ ಹುಡುಕ್ತಿರೋದೇ ಇದನ್ನ ಅಮ್ಮಾ! ಇಲ್ಲಿ ಕೆಟ್ಟಿದ್ದೇ ಒಳ್ಳೇದು."

"ಕೆಟ್ಟಿದ್ದು ಒಳ್ಳೇದಾ?"

"ಹೂಂ."

"ಹಂಗಾದ್ರೆ ಒಳ್ಳೇದು?"

"ಒಳ್ಳೇದು ಕೆಲಸಕ್ಕೆ ಬರಲ್ಲ."

ಪಿಲ್ಸುನ್ ಜೋರಾಗಿ ತಲೆಯಾಡಿಸಿದಳು. ಸಂಜೆ ಬಸ್ಸಿನಲ್ಲಿ ಊರಿಗೆ ಬರುವಾಗ ಎರಡು ಸಲ ತಪ್ಪು ಸ್ಟಾಪಿನಲ್ಲಿ ಎದ್ದು ನಿಂತಳಂತೆ. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು, "ನಿನ್ನನ್ನ ಅಲ್ಲಿ ಕೆಲಸಕ್ಕೆ ಯಾಕೆ ಇಟ್ಕೊಂಡ್ರು ಅಂತ ಈಗ ಗೊತ್ತಾಯ್ತು" ಎಂದು ನಕ್ಕ.

ಆದರೂ ಕಲಿತಳು. ವಿಷಕ್ಕೆ ಸತ್ತ ಮೊಟ್ಟೆ ಬೇರೆ, ಮರಿ ಬದುಕಿದ್ದೂ ಬಿಲ್ಲೆಯ ಸುತ್ತ ಮಾತ್ರ ಬೋಳಾದ ಮೊಟ್ಟೆ ಬೇರೆ. ಆ ವ್ಯತ್ಯಾಸ ಅವಳಷ್ಟು ಬೇಗ ಯಾರೂ ಹೇಳುತ್ತಿರಲಿಲ್ಲ. ಬೇಸಿಗೆಯೆಲ್ಲ ಪರೀಕ್ಷೆ ಐದು ಸಲ ನಡೆಯಿತು, ಐದು ಸಲವೂ ಹದಿನೇಳು ಬೋಳಾಯಿತು. ಪ್ರತಿ ಸಲ ಅವಳ ಕೈ ಕಸದ ಡಬ್ಬಿಯ ಕಡೆ ಹೋಗುತ್ತಿತ್ತು, ಬಾಯಿ ಮಾತ್ರ "ಚೆನ್ನಾಗಿದೆ" ಎನ್ನುತ್ತಿತ್ತು. ಪರೀಕ್ಷೆ ಮುಗಿದ ಮೊಟ್ಟೆಗಳನ್ನು, ಒಳಗಿನ ಮರಿ ಸಾಯಲೆಂದು, ತಣ್ಣನೆ ಪೆಟ್ಟಿಗೆಗೆ ಹಾಕುವಾಗ ಅವಳು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

ಅವಳ ಅಕ್ಕ ಯೊಂಜಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಗೊತ್ತಾದದ್ದು ಆ ಶರತ್ಕಾಲದಲ್ಲಿ, ನಮ್ಮೂರಿನ ಔಷಧಿ ಬೇರು ಜಿನ್ಸೆಂಗನ್ನು ಅಗೆಯುವ ಹೊತ್ತಿಗೆ. ಯೊಂಜಾಗೆ ಅರವತ್ತೆರಡು, ಗಂಡನಿಲ್ಲ, ಬಾಯಿ ಜೋರು. ಸಂತೆಬೀದಿಯ ಹಿಂದೆ ಅವಳದೊಂದು ಬೇರು ಬೇಯಿಸುವ ಕೊಟ್ಟಿಗೆ. ಜಿನ್ಸೆಂಗನ್ನು ಹಬೆಯಲ್ಲಿ ಬೇಯಿಸಿ ಒಣಗಿಸುವುದು, ಮತ್ತೆ ಬೇಯಿಸಿ ಒಣಗಿಸುವುದು, ಹೀಗೆ ಒಂಬತ್ತು ಸಲ. ಬಿಳಿ ಬೇರು ಕೊನೆಗೆ ಇದ್ದಿಲಿನಂತೆ ಕಪ್ಪಾಗುತ್ತದೆ. ಏಳಕ್ಕೇ ನಿಲ್ಲಿಸಿ ಒಂಬತ್ತು ಎನ್ನುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಯೊಂಜಾ ಅಂಥವರ ಹೆಸರನ್ನು ಬೀದಿಯಲ್ಲಿ ನಿಂತು ಕೂಗಿ ಹೇಳುವವಳು.

ದೇಜಾನಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕರುಳಿನ ಗಡ್ಡೆ ತೆಗೆದರು. ಅಲ್ಲೊಂದು ಇಲ್ಲೊಂದು ಎಳೆ ಉಳಿದಿರಬಹುದು, ಗಾಯ ಮಾಗಿದ ಕೂಡಲೇ ಔಷಧಿ ಏರಿಸಲು ಶುರುಮಾಡೋಣ, ಅಲ್ಲಿಯವರೆಗೆ ಜಿನ್ಸೆಂಗ್ ಗಿನ್ಸೆಂಗ್ ಏನೂ ಬೇಡ ಎಂದರು ಕೊಯ್ದ ಡಾಕ್ಟರು.

ಅದಾಗಿ ನಾಲ್ಕನೇ ದಿನ ಪ್ರಯೋಗಾಲಯದಲ್ಲಿ ಲಕೋಟೆ ಒಡೆದರು. ಹದಿನೇಳನೇ ನಂಬರಿನ ಮುಂದೆ ಬರೆದಿತ್ತು: ಗುಮ್ಸಾನ್, ಒಂಬತ್ತು ಸಲ ಬೇಯಿಸಿದ ಕರಿ ಜಿನ್ಸೆಂಗ್, ಯೊಂಜಾಳ ಕೊಟ್ಟಿಗೆ. ಹೋದ ಚಳಿಗಾಲದಲ್ಲಿ ಡಾಕ್ಟರ್ ಮಿನ್ ನಮ್ಮೂರಿನ ಎಂಟು ಕೊಟ್ಟಿಗೆಗಳಿಂದ ಬೇರು ಒಯ್ದಿದ್ದಳು, ಅದರಲ್ಲಿ ಇದೂ ಒಂದು. ಪಿಲ್ಸುನ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಯಾರಿಗೂ ಹೇಳ್ಬೇಡಿ ಅಮ್ಮಾ," ಎಂದಳು ಡಾಕ್ಟರ್ ಮಿನ್. "ಮೊಟ್ಟೆ ಮೊಟ್ಟೆನೇ, ಮನುಷ್ಯ ಮನುಷ್ಯನೇ. ಮನುಷ್ಯರ ಹೊಟ್ಟೇಲಿ ಇದು ಏನ್ ಮಾಡುತ್ತೋ ನಂಗೇ ಗೊತ್ತಿಲ್ಲ."

ಪಿಲ್ಸುನ್ ಯಾರಿಗೂ ಹೇಳಲಿಲ್ಲ. ಒಡಹುಟ್ಟಿದ ಅಕ್ಕ ಅವಳ ಲೆಕ್ಕದಲ್ಲಿ 'ಯಾರಿಗೂ' ಎಂಬುದರೊಳಗೆ ಬರುತ್ತಿರಲಿಲ್ಲ, ಅಷ್ಟೆ. ನೆಟ್ಟಗೆ ಆಸ್ಪತ್ರೆಗೆ ಓಡಿದಳು.

"ಅಕ್ಕಾ! ಹದಿನೇಳು ನಿಂದೇ!"

"ಏನೇ ಹದಿನೇಳು? ಬಸ್ಸಾ?"

"ನಿನ್ನ ಕರಿ ಬೇರು ಕಣೇ! ಅದನ್ನ ಹಾಕಿದ್ರೆ ಮೊಟ್ಟೆ ಒಳಗೆ ಹೊಸ ನರನೇ ಚಿಗುರಲ್ಲ. ಗಡ್ಡೆಗೂ ಹಂಗೇ ಆದ್ರೂ ಆಗ್ಬೋದಂತೆ."

ಯೊಂಜಾ ಛಾವಣಿ ನೋಡುತ್ತಾ ಲೆಕ್ಕ ಹಾಕಿದಳು.

"ನಲವತ್ತು ವರ್ಷದಿಂದ ಅದರ ಹಬೆ ಕುಡ್ಕೊಂಡೇ ಬದುಕಿದೀನಿ. ಹಂಗಾದ್ರೆ ಈ ಗಡ್ಡೆ ಎಲ್ಲಿಂದ ಬಂತೇ?"

ಪಿಲ್ಸುನ್ ತಲೆಯಾಡಿಸಿದಳು, ಜೋರಾಗಿ.

"ತಲೆ ಆಡಿಸ್ಬೇಡ, ಕುತ್ತಿಗೆ ಉಳುಕುತ್ತೆ," ಎಂದಳು ಯೊಂಜಾ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ಬೇಯ್ಸಿದ್ದು ನಾನು, ತಿಂದೋರು ಸೋಲ್ ಪಟ್ಟಣದೋರು. ಒಳ್ಳೇದೆಲ್ಲ ಪೆಟ್ಟಿಗೇಲಿ ಹೋಯ್ತು. ನಂಗೆ ಸಿಕ್ಕಿದ್ದು ಬೇರಿನ ಬಾಲ ಮಾತ್ರ" ಎಂದಳು.

ಆ ಮಾತನ್ನು ಪಿಲ್ಸುನ್ ಕೇಳಿಸಿಕೊಂಡಳು, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಮುಖದಲ್ಲಿ ಬಣ್ಣ ಬಂದಿತ್ತು. ಅಷ್ಟು ಸಾಕು ಎಂದು ಖುಷಿಯಾಗಿ ಬಸ್ಸು ಹತ್ತಿದಳು.

ಯೊಂಜಾ ಮನೆಗೆ ಬಂದಳು, ಗಾಯ ಮಾತ್ರ ಮಾಗಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಹೊಕ್ಕುಳ ಕೆಳಗೆ ನಾಲ್ಕು ಬೆರಳಿನಷ್ಟು ಬಾಯಿಬಿಟ್ಟುಕೊಂಡಿತು. ದಿನವೂ ದಾದಿ ಬಂದು ತೊಳೆದು ಬಟ್ಟೆ ಕಟ್ಟಿ ಹೋಗುತ್ತಿದ್ದಳು. ಎರಡು ವಾರ, ಮೂರು ವಾರ, ತಿಂಗಳು. ಗಾಯ ಮುಚ್ಚದೆ ಔಷಧಿ ಏರಿಸುವಂತಿಲ್ಲ, ತಡವಾದಷ್ಟೂ ಉಳಿದ ಎಳೆಗಳು ಸುಮ್ಮನಿರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ವಯಸ್ಸು, ಸಕ್ಕರೆ ಕಾಯಿಲೆ, ಗಾಳಿ, ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಪಿಲ್ಸುನ್ ಹಂದಿಕಾಲಿನ ಸಾರು ಮಾಡಿಕೊಟ್ಟಳು, ಕಡಲಪಾಚಿಯ ಸಾರು ಮಾಡಿಕೊಟ್ಟಳು. ಯಾವುದೂ ಫಲ ಕೊಡಲಿಲ್ಲ.

ಚಳಿಗಾಲಕ್ಕೆ ಕೋಸಿನ ಉಪ್ಪಿನಕಾಯಿ ಕಿಮ್ಚಿ ಹಾಕುವ ದಿನ ಬಂತು. ಭಾನುವಾರ. ಯೊಂಜಾ ಕೆಳಗಿನಿಂದ ಕಾಯಿಸಿದ ಬೆಚ್ಚನೆ ನೆಲದ ಮೇಲೆ ಮಲಗಿದಲ್ಲಿಂದಲೇ ಅಪ್ಪಣೆ ಕೊಡುತ್ತಿದ್ದಳು: "ಉಪ್ಪು ಸಾಲ್ದು. ಕೋಸನ್ನ ಹಿಂಡೇ, ಅದರ ಜೊತೆ ಸರಸ ಆಡ್ಬೇಡ." ದಾದಿಗೆ ರಜೆ ಇದ್ದುದರಿಂದ ಬಟ್ಟೆ ಬದಲಿಸುವ ಕೆಲಸವೂ ಪಿಲ್ಸುನ್‌ದೇ. ಕೈಯ ಮೆಣಸಿನಪುಡಿಯನ್ನು ಮೂರು ಸಲ ತೊಳೆದುಕೊಂಡು, ಅಕ್ಕನನ್ನು ಕಿಟಕಿ ಕಡೆ ಎಳೆದು, ಬಟ್ಟೆ ಬಿಚ್ಚಿದಳು. ಅದುವರೆಗೆ ಅವಳು ಆ ಗಾಯವನ್ನು ಕಣ್ಣಾರೆ ನೋಡಿರಲಿಲ್ಲ.

ನೋಡಿದವಳು ಇನ್ನೂ ಹತ್ತಿರ ಬಗ್ಗಿದಳು. ಕೀವಿಲ್ಲ, ಊತವಿಲ್ಲ. ಅಂಚುಗಳು ಮಾತ್ರ ಬಿಳುಚಿಕೊಂಡು ಬೋಳಾಗಿದ್ದವು. ಒಂದೇ ಒಂದು ಕೆಂಪು ಎಳೆ ಇರಲಿಲ್ಲ. ಇಂಥ ಬೋಳನ್ನು ಅವಳು ಆ ಬೇಸಿಗೆಯಲ್ಲಿ ಐದು ಸಲ ನೋಡಿದ್ದಳು, ಐದು ಸಲವೂ ಚೆನ್ನಾಗಿದೆ ಎಂದಿದ್ದಳು.

"ಅಕ್ಕಾ, ಏನ್ ತಿಂತಿದೀಯ?"

"ನೀನು ಕೊಟ್ಟಿದ್ದೇ. ಬಾಯಿಗೆ ರುಚಿ ಇಲ್ದಿದ್ರೂ ತಿಂತಿದೀನಿ."

"ಮತ್ತೇನು ಕುಡೀತಿದೀಯ?"

"ನೀರು."

ಪಿಲ್ಸುನ್ ಬಟ್ಟೆ ಕಟ್ಟಿ ಎದ್ದಳು. ಕಿಮ್ಚಿ ಡಬ್ಬಿಗಳನ್ನು ಜೋಡಿಸೋಣವೆಂದು ಕಿಮ್ಚಿ ಇಡುವ ಫ್ರಿಜ್ಜಿನ ಮುಚ್ಚಳ ಎತ್ತಿದಳು. ಒಳಗೆ ಹಳೇ ಸೋಜು ಸಾರಾಯಿ ಬಾಟಲಿಗಳ ಸಾಲು. ಎಲ್ಲದರಲ್ಲೂ ಕಪ್ಪು ಕಷಾಯ. ಒಂದನ್ನು ತೆಗೆದು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದಳು. ಬೆಳಕು ಆ ಕಡೆಯಿಂದ ಈ ಕಡೆಗೆ ಬರಲೇ ಇಲ್ಲ, ಅಷ್ಟು ಗಟ್ಟಿಯಾಗಿ ಕಾಸಿದ್ದಳು ಪುಣ್ಯಾತ್ಗಿತ್ತಿ.

"ಇದೇನಿದು?"

"ಹದಿನೇಳು," ಎಂದಳು ಯೊಂಜಾ, ಮುಖ ತಿರುಗಿಸದೆ.

"ಡಾಕ್ಟ್ರು ಬೇಡ ಅಂದಿರ್ಲಿಲ್ವಾ?"

"ಅವರು ಬೇಡ ಅಂದ್ರು, ನೀನು ಹೌದು ಅಂದೆ. ಕತ್ತಿ ಹಿಡಿದವನ ಮಾತು ಕೇಳ್ಲಾ, ಹೊಟ್ಟೆ ಹಂಚ್ಕೊಂಡು ಹುಟ್ಟಿದೋಳ ಮಾತು ಕೇಳ್ಲಾ?"

ಪಿಲ್ಸುನ್ ಬಾಟಲಿಯನ್ನು ನೆಲಕ್ಕಿಟ್ಟು ಅಕ್ಕನ ಪಕ್ಕ ಕೂತಳು. ತಪ್ಪು ತನ್ನದೇ, ಅದರಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ. ಗೊಂದಲವಿದ್ದದ್ದು ಮುಂದಿನದರಲ್ಲಿ.

"ಅಕ್ಕಾ, ಗಾಯಕ್ಕೂ ನರ ಬೇಕು ಕಣೇ. ಹೊಸ ನರ ಬಂದ್ರೇನೇ ಮಾಂಸ ಬೆಳೆಯೋದು. ಇದು ಅದನ್ನೇ ತಡೀತಿರ್ಬೋದು. ನಿಲ್ಸು."

"ನಿಲ್ಸಿದ್ರೆ ಗಡ್ಡೆಗೂ ನರ ಬರಲ್ವಾ?"

"ಬರ್ಬೋದು."

"ಕುಡಿದ್ರೆ?"

"ಗಾಯ ಮುಚ್ಚಲ್ಲ. ಔಷಧಿ ಏರ್ಸಲ್ಲ."

"ಒಂದೇ ಹೊಟ್ಟೆ ಕಣೇ ಇರೋದು ನಂಗೆ!" ಯೊಂಜಾ ಕೂಗಿದಳು. "ಮೇಲೆ ನರ ಬೇಕು, ಒಳಗೆ ಬೇಡ. ಇದನ್ನ ನನ್ ರಕ್ತಕ್ಕೆ ಯಾರೇ ಹೇಳ್ತಾರೆ? ನೀನ್ ಹೇಳ್ತೀಯಾ?" ಕೂಗಿದವಳು ಅಳತೊಡಗಿದಳು. ಗಂಡ ಸತ್ತಾಗಲೂ ಅಳದೆ ಒಲೆಯ ಮುಂದೆ ನಿಂತವಳು. ಪಿಲ್ಸುನ್ ಕೂಡ ಅತ್ತಳು. ಮೆಣಸಿನಪುಡಿ ಮೆತ್ತಿದ ಅಂಗಿತೋಳಿನಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತಳು.

ಮರುದಿನ ಡಾಕ್ಟರ್ ಮಿನ್ ಮುಂದೆ ಎಲ್ಲ ಒಪ್ಪಿಕೊಂಡಳು. ಡಾಕ್ಟರ್ ಮಿನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಪಿಲ್ಸುನ್‌ಗೆ.

"ಕಷಾಯದಿಂದಾನೇ ಗಾಯ ಹಂಗಾಯ್ತು ಅಂತ ನಾನು ಹೇಳಕ್ಕಾಗಲ್ಲ ಅಮ್ಮಾ. ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಅದು ಅವರ ಗಡ್ಡೆ ತಡೀತಿತ್ತು ಅಂತಾನೂ ಗೊತ್ತಿಲ್ಲ."

"ನಿಮಗೂ ಗೊತ್ತಿಲ್ವಾ?"

"ಗೊತ್ತಿದ್ರೆ ಮೊಟ್ಟೆ ಯಾಕೆ ಒಡೀತಿದ್ದೆ? ಮೊದ್ಲು ನಿಲ್ಸಿ, ಆಸ್ಪತ್ರೆ ಡಾಕ್ಟ್ರಿಗೆ ಹೇಳಿ."

ಆಸ್ಪತ್ರೆಯ ಡಾಕ್ಟರು ಬೈದರು, ಇಬ್ಬರನ್ನೂ ನಿಲ್ಲಿಸಿಕೊಂಡು, ದಾದಿಯರೆಲ್ಲ ಕೇಳುವ ಹಾಗೆ. ಬರುವಾಗ ಬಸ್ಸಿನಲ್ಲಿ ಯೊಂಜಾ, "ಗಂಟಲು ಚೆನ್ನಾಗಿದೆ ಅವನಿಗೆ, ಸಂತೇಲಿ ಬೇರು ಮಾರ್ಬೋದು" ಎಂದಳು. ಮನೆಗೆ ಬಂದವಳೇ ಬಾಟಲಿಗಳನ್ನು ತಂಗಿಯ ಕೈಗೆ ಕೊಟ್ಟಳು. ಪಿಲ್ಸುನ್ ಅವನ್ನು ಚೆಲ್ಲಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ತನ್ನ ಮನೆಯ ಮಂಚದ ಕೆಳಗೆ ತಳ್ಳಿದಳು. ಪ್ರತಿದಿನ ಗುಡಿಸುವಾಗ ಪೊರಕೆ ಅವಕ್ಕೆ ತಾಗಿ ಟಣ್ಣೆನ್ನುತ್ತಿತ್ತು. ಆಗೆಲ್ಲ ಅಕ್ಕನ ಒಳಗೆ ಉಳಿದ ಗಡ್ಡೆಯ ಎಳೆಗಳು ನೆನಪಾಗುತ್ತಿದ್ದವು.

ಮೂರು ವಾರ ಕಳೆಯಿತು. ಮತ್ತೊಂದು ಭಾನುವಾರ, ಬೆಳಗಿನ ಬಿಸಿಲು ಕಿಟಕಿಯಿಂದ ನೆಲದ ಅರ್ಧದವರೆಗೆ ಬಂದಿತ್ತು. ಪಿಲ್ಸುನ್ ಬಟ್ಟೆ ಬಿಚ್ಚಿದಳು. ಗಾಯ ಎರಡು ಬೆರಳಿಗೆ ಇಳಿದಿತ್ತು. ಅಂಚು ಕೆಂಪಾಗಿತ್ತು. ಒಳಗೆ ದಾಳಿಂಬೆ ಕಾಳಿನಂಥ ಹೊಸ ಮಾಂಸ, ಹತ್ತಿರ ಬಗ್ಗಿ ನೋಡಿದರೆ ಕೂದಲಿಗಿಂತ ಸಣ್ಣ ನರಗಳು, ಏಳನೇ ದಿನದ ಮೊಟ್ಟೆಯಲ್ಲಿ ಕಾಣುವಂಥವು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಅದರ ಹಿಂದೆಯೇ ಹೆದರಿಕೆಯೂ ಬಂತು. ಮೇಲೆ ಇಷ್ಟು ಚಿಗುರಿದ್ದರೆ ಒಳಗೆ? ಒಳಗೆ ನೋಡಲು ಯಾವ ದೀಪವೂ ಅವಳ ಬಳಿ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಬಗ್ಗಿದವಳು ಬಗ್ಗಿಯೇ ಇದ್ದಳು.

"ಏನೇ, ಬಾಯ್ ಬಿಡು," ಎಂದಳು ಯೊಂಜಾ. ತಂಗಿಯ ಮುಖವನ್ನು ಓದಲು ಅವಳಿಗೆ ಯಾವ ದೀಪವೂ ಬೇಕಿರಲಿಲ್ಲ. ದನಿ ತಗ್ಗಿಸಿ ಕೇಳಿದಳು: "ಪಿಲ್ಸುನ್, ನನ್ನನ್ನ ಇಡೋದಾ, ತೆಗೆಯೋದಾ?"

ಅರ್ಧ ಉಸಿರಿನಲ್ಲಿ ತೀರ್ಪು ಕೊಡುತ್ತಿದ್ದವಳು ಬಿಸಿಲು ಗಾಯದಿಂದ ಸರಿದು ಚಾಪೆಗೆ ಬೀಳುವವರೆಗೂ ಸುಮ್ಮನಿದ್ದಳು.

"ಇಡು," ಎಂದಳು ಕೊನೆಗೆ.

"ಅದಕ್ಕೆ ಇಷ್ಟು ಹೊತ್ತಾ?"

"ಇಷ್ಟು ದೊಡ್ಡ ಮೊಟ್ಟೆ ನಾನೆಲ್ಲಿ ನೋಡಿದ್ದೆ?"

ಯೊಂಜಾ ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ತಂಗಿಯ ಮಣಿಕಟ್ಟು ಹಿಡಿದುಕೊಂಡು ನಕ್ಕಳು. ಪಿಲ್ಸುನ್ ಹೊಸ ಬಟ್ಟೆ ತೆಗೆದು ಮಡಿಸಿ ಗಾಯದ ಮೇಲಿಟ್ಟಳು. ಲಕ್ಷಗಟ್ಟಲೆ ಮೊಟ್ಟೆಗಳಿಗೆ ಅವಳು ಆ ಮಾತು ಹೇಳಿದ್ದಳು, ಒಳಗೇನಿದೆಯೆಂದು ಗೊತ್ತಿಲ್ಲದೆ ಹೇಳಿದ್ದು ಇದೊಂದಕ್ಕೆ ಮಾತ್ರ.